ಪ್ರಾರ್ಥನೆಗೆ ಬರುವವರು ಬಹಳ, ಆದರೆ ಅಕ್ಕ ದಣಿದು ಹೋಗಿದ್ದಾರೆ. ನಮ್ಮ ಮನೆಕೂಟ ಏನು ಮಾಡಬಹುದು?

ಕೇಶ್ವಾಪುರದಾಕಿ ಕೇಳಿದ್ದು:

ಎಲ್ಲರಿಗೂ ವಂದನೆಗಳು.

ನಾವು ಹುಬ್ಬಳ್ಳಿಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಅಕ್ಕಪಕ್ಕದ ಹತ್ತು ಹನ್ನೆರಡು ಮನೆಯವರು ಸೇರಿ ಪ್ರತಿ ಬುಧವಾರ ಸಂಜೆ ಮನೆಕೂಟ ನಡೆಸುತ್ತೇವೆ. ಒಂದೊಂದು ವಾರ ಒಬ್ಬೊಬ್ಬರ ಮನೆ. ಹಾಡು, ವಾಕ್ಯ, ಪ್ರಾರ್ಥನೆ, ಕೊನೆಗೆ ಚಹಾ, ಚೂಡಾ. ಸಣ್ಣ ಗುಂಪು, ಹಾಗಾಗಿ ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಕೆಲವು ಸಲ ಜಾಸ್ತಿನೇ ಗೊತ್ತಿರುತ್ತದೆ, ಅದು ಬೇರೆ ಮಾತು.

ನಮ್ಮ ಕೂಟದ ಒಬ್ಬ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಬೆಳಿಗ್ಗೆ ಹೋದರೆ ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಇವರೇ. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುವವರು, ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಈಗ ಹೊಲಿಗೆ ಮಷೀನಿನ ಮೇಲೆ ಬರೀ ಔಷಧಿ ಚೀಟಿ, ಆಸ್ಪತ್ರೆ ಫೈಲು. ಮಗಳು ಪಿಯುಸಿ ಎರಡನೇ ವರ್ಷ, ಮಗ ಎಂಟನೇ ಕ್ಲಾಸು.

ಜನ ಬರುವುದಿಲ್ಲ ಅಂತಲ್ಲ. ಬರುತ್ತಾರೆ, ಬಹಳ ಬರುತ್ತಾರೆ. ನಮ್ಮ ಕೂಟದವರು, ಸ್ತ್ರೀ ಸಮಾಜದವರು, ಬೇರೆ ಸಭೆಯವರು, ಯಾರೋ ಪರಿಚಯದವರ ಪರಿಚಯದವರು. ಹೊತ್ತು ಗೊತ್ತು ಇಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಬೇಕು, ಚಹಾ ಮಾಡಬೇಕು, ಅಣ್ಣ ಮಲಗಿದ್ದರೆ ಎಬ್ಬಿಸಬೇಕು. ಎಳನೀರು, ಬಾಳೆಹಣ್ಣು ತಂದು ಮುಂದೆ ನಿಂತು ಕುಡಿಸುತ್ತಾರೆ. ಹೋದ ವಾರ ಒಬ್ಬರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, "ನಿಮಗೆ ವಿಶ್ವಾಸ ಇದ್ದರೆ ಆ ಮಷೀನು ಬಿಟ್ಟುಬಿಡಿ, ಕರ್ತನು ನೋಡಿಕೊಳ್ಳುತ್ತಾನೆ" ಅಂದರು. ಇನ್ನೊಬ್ಬರು ಮನೆಯಲ್ಲಿ ಯಾರಾದರೂ ಅರಿಕೆ ಮಾಡದ ಪಾಪ ಇದೆಯಾ ಅಂತ ಮಗಳ ಎದುರಿಗೇ ಕೇಳಿದರು.

ಅವತ್ತು ನಾನು ಹಿಂದೆ ಕಪ್ಪು ತೊಳೆಯಲು ಹೋಗಿದ್ದೆ. ಅಕ್ಕ ನಲ್ಲಿ ಜೋರಾಗಿ ಬಿಟ್ಟು ಅತ್ತರು. "ಪ್ರಾರ್ಥನಿ ಬ್ಯಾಡ ಅನ್ನಾಕ ಬರಂಗಿಲ್ಲ ತಂಗಿ. ಆದ್ರ ಇವ್ರೆಲ್ಲಾ ಹ್ವಾದ ಮ್ಯಾಲೆ ನನಗ ಇನ್ನಾ ಸಾಕಾಗಿರ್ತೈತಿ" ಅಂದರು.

ನನ್ನ ಪ್ರಶ್ನೆ ಇಷ್ಟೇ. ನಾವು ಒಂದೇ ವಿಶ್ವಾಸದವರು, ಒಬ್ಬರ ಭಾರ ಒಬ್ಬರು ಹೊರಬೇಕು ಅಂತ ಪ್ರತಿ ವಾರ ಓದುತ್ತೇವೆ. ಆ ಭಾರವನ್ನು ನಿಜವಾಗಿ ಇಳಿಸಿಕೊಳ್ಳುವುದು ಹೇಗೆ? ಬರುವ ಹಿರಿಯರಿಗೆ ಹೀಗೆ ಮಾಡಬೇಡಿ ಅಂತ ಹೇಳುವುದು ಹೇಗೆ? ನಾನು ಕೂಟದಲ್ಲಿ ಚಿಕ್ಕವಳು, ನನ್ನ ಮಾತು ಯಾರು ಕೇಳುತ್ತಾರೆ ಅನ್ನೋ ಅಳುಕೂ ಇದೆ.

ನಿವೃತ್ತ ಸಿಸ್ಟರ್, ಬೆಟಗೇರಿ:

ತಂಗಿ, ನಾನು ನರ್ಸ್ ಆಗಿದ್ದವಳು. ಕೊನೆಯ ವರ್ಷಗಳೆಲ್ಲ ಡಯಾಲಿಸಿಸ್ ಘಟಕದಲ್ಲೇ ಕಳೆದವು. ಹಾಗಾಗಿ ವಾಕ್ಯಕ್ಕಿಂತ ಮೊದಲು ಸ್ವಲ್ಪ ನರ್ಸಿನ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲನೆಯದು, ಮಷೀನು ಬಿಡಿ ಅಂದವರನ್ನು ಆ ಮನೆಗೆ ಮತ್ತೆ ಕಳಿಸಬೇಡಿ. ಇದರಲ್ಲಿ ಮುಲಾಜು ಬೇಡ. ಒಂದೆರಡು ಸಲ ತಪ್ಪಿಸಿದರೂ ಮೈಯಲ್ಲಿ ನೀರು ತುಂಬಿ ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ನಿಂತು ಹೋಗಬಹುದು, ಅದು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ನಿಮ್ಮ ಸಭಾಪಾಲಕರಿಗೆ ನೇರವಾಗಿ ತಿಳಿಸು. ಇದು ನೀನು ಹೇಳುವ ಮಾತಲ್ಲ, ಅವರು ಪೀಠದಿಂದ ಹೇಳಬೇಕಾದ ಮಾತು.

ಎರಡನೆಯದು ಆ ಎಳನೀರು, ಬಾಳೆಹಣ್ಣು. ಪ್ರೀತಿಯಿಂದಲೇ ತರುತ್ತಾರೆ. ಆದರೆ ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಹೋದವರಲ್ಲಿ ಮುಂದಿನ ಡಯಾಲಿಸಿಸ್‌ವರೆಗೆ ಅದು ಹೆಚ್ಚಾಗಿ ಮೈಯಲ್ಲೇ ಉಳಿಯುತ್ತದೆ. ಕಿತ್ತಳೆ ರಸ, ಒಣದ್ರಾಕ್ಷಿ, ಖರ್ಜೂರ ಕೂಡ ಹಾಗೇ. "ಲೋ ಸೋಡಿಯಂ" ಉಪ್ಪು ಒಳ್ಳೆಯದು ಅಂತ ಯಾರಾದರೂ ಪ್ಯಾಕೆಟ್ ತಂದುಕೊಟ್ಟರೆ ಅದನ್ನೂ ಬಳಸಬೇಡಿ, ಸೋಡಿಯಂ ಜಾಗದಲ್ಲಿ ಅದರಲ್ಲಿ ಇರುವುದೇ ಪೊಟ್ಯಾಸಿಯಂ. ಇನ್ನು ನೀರು. ಡಾಕ್ಟರು ದಿನಕ್ಕೆ ಒಂದು ಅಳತೆ ಹೇಳಿರುತ್ತಾರೆ. ಚಹಾ, ಮಜ್ಜಿಗೆ, ಸಾರು, ಕಲ್ಲಂಗಡಿ ಎಲ್ಲ ಅದೇ ಲೆಕ್ಕದಲ್ಲಿ ಬರುತ್ತವೆ. ಬಂದವರ ಜೊತೆ ಕೂತು ಅಣ್ಣ ಅರ್ಧರ್ಧ ಕಪ್ಪು ಚಹಾ ಕುಡಿಯುತ್ತಾ ಹೋದರೆ ಅವರ ದಿನದ ಪಾಲು ಸಂಜೆಯೊಳಗೆ ಮುಗಿದಿರುತ್ತದೆ. ನಾವು ಮಷೀನಿಗೆ ಹಾಕುವ ಮೊದಲು ತೂಕ ನೋಡುತ್ತೇವೆ. ಮನೆಗೆ ಎಷ್ಟು ಜನ ಬಂದು ಪ್ರಾರ್ಥನೆ ಮಾಡಿದ್ದಾರೆ ಅಂತ ಆ ತೂಕದ ಮುಳ್ಳೇ ಹೇಳಿಬಿಡುತ್ತಿತ್ತು! ನಿಮ್ಮ ಕೂಟದ ಚೂಡಾ ಕೂಡ ಬೇಡ, ಉಪ್ಪು ತಿಂದರೆ ಬಾಯಾರಿಕೆ ತಡೆಯಲು ಆಗುವುದಿಲ್ಲ.

ಭಾನುವಾರ ಹೆಚ್ಚು ಎಚ್ಚರ ಬೇಕು. ಶುಕ್ರವಾರ ಆದ ಮೇಲೆ ಮತ್ತೆ ಸೋಮವಾರವೇ ಡಯಾಲಿಸಿಸ್. ವಾರದಲ್ಲಿ ಅತಿ ದೊಡ್ಡ ಅಂತರ ಅದು. ನಾವು ಆರಾಧನೆ ಮುಗಿಸಿ ಡಬ್ಬಿ ಹಿಡಿದು ಕಾಯಿಲೆಯವರ ಮನೆಗೆ ಹೋಗುವುದೂ ಅದೇ ದಿನ.

ಮೂರನೆಯದು ಕೈ. ಒಂದು ಕೈಯಲ್ಲಿ ಫಿಸ್ಟುಲಾ ಮಾಡಿರುತ್ತಾರೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳ ಜೋಡಿಸಿದ ಜಾಗ, ಮುಟ್ಟಿದರೆ ಒಳಗೆ ಝುಂ ಅಂತ ಅದುರುತ್ತದೆ. ಅವರ ಜೀವ ಇರುವುದೇ ಆ ನರದಲ್ಲಿ. ಪ್ರಾರ್ಥನೆಯ ಭರದಲ್ಲಿ ಆ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿಯಬಾರದು. ಇನ್ನೊಂದು ಕೈ ಹಿಡಿಯಿರಿ, ಕರ್ತನಿಗೆ ಎರಡೂ ಒಂದೇ.

ಈಗ ಅಕ್ಕನ ವಿಷಯ. ನೀವು ಬುಧವಾರ ಸಂಜೆ ಕೂಟ ಅಂದಿರಿ. ಬುಧವಾರ ಡಯಾಲಿಸಿಸ್ ದಿನ. ನಾಲ್ಕು ಗಂಟೆ ಮಷೀನಿನ ಮೇಲಿದ್ದು ಬಂದವರಿಗೆ ಸಂಜೆ ತಲೆ ಎತ್ತಲೂ ಆಗುವುದಿಲ್ಲ. ಅವತ್ತು ಅವರ ಮನೆಯಲ್ಲಿ ಕೂಟ ಇಟ್ಟರೆ ಅದು ಅವರಿಗಾಗಿ ಅಲ್ಲ, ನಮಗಾಗಿ. ಗುರುವಾರ ಮಾಡಿ ನೋಡಿ. ಚಹಾ ನೀವೇ ಫ್ಲಾಸ್ಕಿನಲ್ಲಿ ಒಯ್ಯಿರಿ, ಕಪ್ಪುಗಳ ಸಮೇತ.

"ಏನಾದರೂ ಬೇಕಿದ್ದರೆ ಹೇಳು ಅಕ್ಕ" ಅನ್ನುವ ಮಾತು ಬಿಟ್ಟುಬಿಡಿ. ದಣಿದವರಿಗೆ ಏನು ಬೇಕು ಅಂತ ಯೋಚಿಸುವುದೂ ಒಂದು ಕೆಲಸ. "ಶುಕ್ರವಾರ ಬೆಳಿಗ್ಗೆ ನಾನು ಅಣ್ಣನ ಜೊತೆ ಹೋಗುತ್ತೇನೆ, ನೀನು ಮನೆಯಲ್ಲಿ ಮಲಗು" ಅನ್ನಬೇಕು. ಆಸ್ಪತ್ರೆಯಲ್ಲಿ ಜೊತೆಗಿರುವವರಿಗೆ ಮಾಡಲು ಏನೂ ಇರುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂರುವುದಷ್ಟೇ. ಅದನ್ನು ಯಾವ ಗಂಡಸಾದರೂ ಮಾಡಬಹುದು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನೋಡಿ. ವಿಧವೆಯರಿಗೆ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಶುರುವಾದಾಗ ಅಪೊಸ್ತಲರು ಗೊಣಗಿದವರನ್ನು ಬೈಯಲಿಲ್ಲ, ಇನ್ನೂ ಪ್ರಾರ್ಥನೆ ಮಾಡಿ ಅಂತ ಕಳಿಸಲೂ ಇಲ್ಲ. ಏಳು ಜನರನ್ನು ಆರಿಸಿ ಕೆಲಸ ಒಪ್ಪಿಸಿದರು. ನಿಮಗೆ ಏಳು ಜನ ಬೇಡ, ಮೂರು ಜನ ಸಾಕು, ಡಯಾಲಿಸಿಸ್ ದಿನಕ್ಕೆ ಒಬ್ಬರಂತೆ.

ಕೊನೆಯದಾಗಿ ಒಂದು. ಅಣ್ಣನಿಂದಲೂ ಏನಾದರೂ ತೆಗೆದುಕೊಳ್ಳಿ. ನಾನು ಕಂಡ ರೋಗಿಗಳಲ್ಲಿ ಬಹಳ ಜನ ಕುಗ್ಗಿದ್ದು ನೋವಿಗಲ್ಲ, ಇನ್ನು ನಾನು ಯಾರಿಗೂ ಬೇಕಾಗಿಲ್ಲ ಅನ್ನುವುದಕ್ಕೆ. ಹಾರ್ಮೋನಿಯಂ ಬರುತ್ತದೆ ಅಂದೆಯಲ್ಲ, ಸಂಡೇ ಸ್ಕೂಲಿನ ಇಬ್ಬರು ಹುಡುಗರನ್ನು ಮಂಗಳವಾರ ಕಳಿಸಿ, ಕಲಿಸಲಿ. ಫಿಸ್ಟುಲಾ ಕೈಗೆ ಭಾರ ಬೀಳದಂತೆ ಹುಡುಗರೇ ಗಾಳಿ ತಿದಿ ಒತ್ತಲಿ, ಅಣ್ಣ ಸ್ವರದ ಮನೆ ತೋರಿಸಲಿ. ನಮ್ಮ ಪ್ರಾರ್ಥನೆಯ ಪಟ್ಟಿಯಲ್ಲಿ ಅವರ ಹೆಸರು ಇದೆಯಲ್ಲ, ಆ ಪಟ್ಟಿಯನ್ನೇ ಅವರ ಕೈಗೆ ಕೊಟ್ಟು ಉಳಿದವರಿಗಾಗಿ ಪ್ರಾರ್ಥಿಸಿ ಅಂತ ಕೇಳಿ.

ಮಂಗಳೂರಿನ ಗುರ್ಕಾರ್:

ನಾನು ಕಥೋಲಿಕ, ಮನೆಮಾತು ಕೊಂಕಣಿ. ಸಭೆ ಬೇರೆಯಾದರೂ ಕಷ್ಟ ಒಂದೇ ಅಂತ ಬರೆಯುತ್ತಿದ್ದೇನೆ.

ನಮ್ಮ ಕಡೆ ಒಂದು ಚರ್ಚಿನ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿರುತ್ತಾರೆ. ಪ್ರತಿ ವಾಡೊಗೆ ಒಬ್ಬ ಗುರ್ಕಾರ್. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು ಅಂತ ಫಾದರಿಗೆ ಮೊದಲು ತಿಳಿಸುವುದು, ಜನರನ್ನು ಸೇರಿಸುವುದು ಅವನ ಕೆಲಸ. ಇದರಲ್ಲಿ ಒಂದು ಅನುಕೂಲ ಇದೆ. ಬೇಡ ಅನ್ನುವ ಕೆಟ್ಟ ಕೆಲಸವನ್ನೂ ಅವನ ಮೇಲೆ ಹಾಕಬಹುದು. ನಿಮ್ಮ ಕೂಟದಲ್ಲೂ ಆ ಮನೆಗೆ ಒಬ್ಬರನ್ನು ಗೊತ್ತು ಮಾಡಿ. ಭೇಟಿಗೆ ಬರುವವರು ಮೊದಲು ಅವರಿಗೆ ಫೋನ್ ಮಾಡಲಿ. "ಇವತ್ತು ಅಣ್ಣ ಮಲಗಿದ್ದಾರೆ, ಶನಿವಾರ ಐದಕ್ಕೆ ಬನ್ನಿ, ಹಣ್ಣು ತರಬೇಡಿ" ಅಂತ ಅವರು ಹೇಳಲಿ. ಅಕ್ಕ ಯಾರಿಗೂ ಕೆಟ್ಟವರಾಗುವುದು ಬೇಡ.

ನಮ್ಮಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಅಂತ ಒಂದಿದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಮ್ ಅನ್ನುವ ಕಾಲೇಜು ಹುಡುಗ ತನ್ನ ಗೆಳೆಯರ ಜೊತೆ ಕಟ್ಟಿದ್ದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದು ಅವರ ರೂಢಿ. ಒಬ್ಬರೇ ಹೋದರೆ ಮಾತಿಗೆ ಮಾತು ಬೆಳೆಯುತ್ತದೆ, ಗುಂಪಾಗಿ ಹೋದರೆ ಮನೆಯವರು ನೆಂಟರಿಗೆ ಮಾಡುವಂತೆ ಉಪಚಾರಕ್ಕೆ ನಿಲ್ಲಬೇಕಾಗುತ್ತದೆ. ಇಬ್ಬರು ಸರಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೆ ಇದ್ದೇ ಇರುತ್ತದೆ. ಚರ್ಚಿನಲ್ಲಿ ಹೆಸರು ಓದಿ ಕಲೆಕ್ಷನ್ ಎತ್ತಬೇಡಿ. ಮಗಳು ಪಿಯುಸಿ ಅಂದಿರಿ. ಆ ವಯಸ್ಸಿನವರಿಗೆ ಗೆಳತಿಯರ ಮುಂದೆ ಅಪ್ಪನ ಹೆಸರಲ್ಲಿ ತಟ್ಟೆ ತಿರುಗುವುದು ಸಣ್ಣ ವಿಷಯ ಅಲ್ಲ. ಅಕ್ಕನ ಖಾತೆಗೆ ನೇರವಾಗಿ ಹಾಕಿ, ಲೆಕ್ಕ ಕೇಳಬೇಡಿ. ಆಟೋದವನಿಗೆ ತಿಂಗಳಿಗೆ ಇಷ್ಟು ಅಂತ ನೀವೇ ಮಾತಾಡಿ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು. ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ಮೊಂತಿ ಫೆಸ್ತ್. ಚರ್ಚಿನಲ್ಲಿ ಆಶೀರ್ವಾದ ಮಾಡಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ತಿನ್ನುತ್ತಾರೆ. ಚರ್ಚಿಗೆ ಬರಲಾಗದವರ ಮನೆಗೆ ತೆನೆ ಮುಟ್ಟಿಸದಿದ್ದರೆ ನಮ್ಮ ಹಿರಿಯರು ಗುರ್ಕಾರನನ್ನು ಬಿಡುವುದಿಲ್ಲ. ನಿಮ್ಮಲ್ಲೂ ಸುಗ್ಗಿ ಹಬ್ಬ ಮಾಡುತ್ತೀರಿ ಅಲ್ವಾ? ಹಬ್ಬದಲ್ಲಿ ಆ ಮನೆಯನ್ನು ಬಿಡಬೇಡಿ. ಕಾಯಿಲೆ ಹಳೆಯದಾದ ಹಾಗೆ ಜನ ಮರೆಯುವುದು ಹಬ್ಬದ ದಿನವೇ.

ದಾವಣಗೆರೆ ವಿಶ್ವಾಸಿ:

ಎಲ್ಲರೂ ಊಟ, ಆಟೋ, ಫೋನ್ ಅಂತಲೇ ಬರೆಯುತ್ತಿದ್ದೀರಿ. ಅದನ್ನು ರೋಟರಿ ಕ್ಲಬ್ಬಿನವರೂ ಮಾಡುತ್ತಾರೆ. ನಾವು ವಿಶ್ವಾಸಿಗಳು. ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿ ಏನಿದೆ? ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ತಾನೆ? ನಮ್ಮ ಸಭೆಯಲ್ಲಿ ಉಪವಾಸ ಪ್ರಾರ್ಥನೆಯಿಂದ ಬಿಡುಗಡೆ ಹೊಂದಿದವರನ್ನು ನಾನು ಕಂಡಿದ್ದೇನೆ. ಚಿಕಿತ್ಸೆ ಬಿಡಿ ಅಂದದ್ದು ತಪ್ಪೇ, ನಾನೂ ಒಪ್ಪುತ್ತೇನೆ. ಆದರೆ ವಾಸಿಯಾಗುತ್ತದೆ ಅಂತ ಧೈರ್ಯವಾಗಿ ಪ್ರಾರ್ಥಿಸುವುದಕ್ಕೇ ನಾಚಿಕೆಪಡುವ ಹಾಗೆ ಆಗಬಾರದು.

ನಿವೃತ್ತ ಸಿಸ್ಟರ್, ಬೆಟಗೇರಿ:

ತಮ್ಮಾ, ಪ್ರಾರ್ಥನೆ ಬೇಡ ಅಂತ ನಾನೆಲ್ಲಿ ಅಂದೆ? ಡ್ಯೂಟಿಯಲ್ಲಿ ಸೂಜಿ ಚುಚ್ಚುವ ಮೊದಲು ದಿನಾ ಪ್ರಾರ್ಥಿಸಿದವಳು ನಾನು. ಹಿಜ್ಕೀಯ ಅರಸನ ಕಥೆ ನಿನಗೆ ಗೊತ್ತಿದೆ. ಅವನು ಗೋಡೆ ಕಡೆ ತಿರುಗಿ ಅತ್ತು ಪ್ರಾರ್ಥಿಸಿದ, ದೇವರು 15 ವರ್ಷ ಆಯುಷ್ಯ ಕೂಡಿಸಿ ಕೊಟ್ಟ. ಆದರೂ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಹಾಕಿಸಿದ. ಅದನ್ನೂ ಸೇರಿಸಿ ಸಾಕ್ಷಿ ಹೇಳು.

ಯಾಕೋಬನ ಮಾತನ್ನೂ ಇನ್ನೊಮ್ಮೆ ಓದು. ಕಾಯಿಲೆಯವನು ಹಿರಿಯರನ್ನು ಕರೆಸಲಿ ಅಂತಿದೆ. ಹಿರಿಯರು ಹೇಳದೆ ಕೇಳದೆ ನುಗ್ಗಲಿ ಅಂತ ಇಲ್ಲ. ಅಣ್ಣನನ್ನೇ ಕೇಳಿ, ಕರೆದ ದಿನ ಎಣ್ಣೆ ತೆಗೆದುಕೊಂಡು ಹೋಗಿ. ಉಪವಾಸ ಮಾಡುವುದಿದ್ದರೆ ನೀವು ಮಾಡಿ. ಸಕ್ಕರೆ ಕಾಯಿಲೆಯವರಿಗೂ, ಹಗಲೂ ರಾತ್ರಿ ದುಡಿಯುವ ಅಕ್ಕನಿಗೂ ಹೇಳಬೇಡಿ. ಧೈರ್ಯ ಅಂದೆಯಲ್ಲ, ಒಂದು ಧೈರ್ಯದ ಕೆಲಸ ಹೇಳಲೇ? ನಿಮ್ಮ ಸಭೆಯಲ್ಲಿ ಅಂಗಾಂಗ ದಾನದ ಬಗ್ಗೆ ಒಂದು ಭಾನುವಾರ ಮಾತಾಡಿಸು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಿಡ್ನಿಗಾಗಿ ಕಾಯುವವರು ಬಹಳ ಜನ ಇದ್ದಾರೆ.

ಧಾರವಾಡದ ಮಾಸ್ತರ:

ಸಿಸ್ಟರ್ ಹೇಳಿದ ಮೇಲೆ ನನಗೆ ಜಾಸ್ತಿ ಉಳಿದಿಲ್ಲ. ಎರಡು ಮಾತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಮಿಷನ್ನಿನವರು ಕಟ್ಟಿದ ನಮ್ಮ ಬಾಸೆಲ್ ಮಿಷನ್ ಸಭೆಗಳು ಬೆಳೆದದ್ದೇ ಹೀಗೆ. 1830ರ, 40ರ ದಶಕದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಬಹಳ ಜನಕ್ಕೆ ಮನೆ, ಜಾತಿ, ಕುಲಕಸುಬು ಎಲ್ಲ ಒಟ್ಟಿಗೆ ಹೋದವು. ಮಿಷನ್ನಿನವರು ಮಗ್ಗ ಹಾಕಿದ್ದು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಅವರ ಹೊಟ್ಟೆಪಾಡಿಗಾಗಿ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಹಿಡಿದು ಇಟ್ಟರು, ಆಮೇಲೆ ದೇಶದಿಂದ ಕಳಿಸಿದರು. ಸಭೆಗಳನ್ನು ಕಾಯ್ದುಕೊಂಡವರು ಊರಿನ ಉಪದೇಶಿಗಳು, ಬೈಬಲ್ ಅಮ್ಮಂದಿರು. ಬೈಬಲ್ ಅಮ್ಮಂದಿರ ಕೆಲಸವೇ ಮನೆ ಮನೆಗೆ ಹೋಗುವುದು. ಹಾಗಾಗಿ ತಂಗಿ, ನೀನು ಚಿಕ್ಕವಳು ಅಂತ ಅಳುಕಬೇಡ. ನಮ್ಮ ಸಭೆಯಲ್ಲಿ ಈ ಕೆಲಸ ಯಾವಾಗಲೂ ಪೀಠದ ಮೇಲೆ ನಿಲ್ಲದವರೇ ಮಾಡಿಕೊಂಡು ಬಂದದ್ದು.

ಇನ್ನು ಕಾಗದ ಪತ್ರ. ಹೊಲಿಗೆ ಮಷೀನಿನ ಮೇಲೆ ಫೈಲುಗಳ ರಾಶಿ ಅಂದೆ. ನಿಮ್ಮ ಕೂಟದಲ್ಲಿ ಬ್ಯಾಂಕಿನವರೋ ಕಚೇರಿಯಲ್ಲಿ ಕೆಲಸ ಮಾಡಿದವರೋ ಒಬ್ಬರು ಇದ್ದೇ ಇರುತ್ತಾರೆ. ಒಂದು ಶನಿವಾರ ಅವರನ್ನು ಕೂರಿಸಿ, ತಾರೀಖಿನ ಪ್ರಕಾರ ಹೊಂದಿಸಲಿ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಆ ಕಾರ್ಡು ಮಾಡಿಸಿದ್ದಾರಾ, ಅವರು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ವಿಚಾರಿಸಿ. ಕಿಟಕಿಯಿಂದ ಕಿಟಕಿಗೆ ಅಲೆಯುವ ಕೆಲಸ ಅಕ್ಕನ ತಲೆಯಿಂದ ಇಳಿದರೆ ಅರ್ಧ ಜೀವ ಬಂದಂತೆ.

ದುಬೈಯಿಂದ ಒಬ್ಬ ಮಗ:

ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ, ಅಪ್ಪ ಅಮ್ಮ ಹುಬ್ಬಳ್ಳಿಯಲ್ಲೇ. ಅಪ್ಪನಿಗೆ ಪಾರ್ಶ್ವವಾಯು ಆದಾಗ ಸಭೆಯವರೇ ನೋಡಿಕೊಂಡರು. ಅದರಲ್ಲಿ ನನಗೆ ಮರೆಯಲಾಗದ್ದು ಒಂದೇ. ಯೌವನಸ್ಥರ ಕೂಟದ ಒಬ್ಬ ಹುಡುಗ ಪ್ರತಿ ಸಲ ಡಾಕ್ಟರು ನೋಡಿ ಹೋದ ಮೇಲೆ ಏನು ಹೇಳಿದರು ಅಂತ ವಾಟ್ಸ್ಆ್ಯಪ್‌ನಲ್ಲಿ ಮೂರು ಸಾಲು ಹಾಕುತ್ತಿದ್ದ. ಸಮಾಧಾನದ ಮಾತಿಲ್ಲ, ವಾಕ್ಯದ ಚಿತ್ರ ಇಲ್ಲ. ಬಿಪಿ ಎಷ್ಟು, ಏನು ತಿಂದರು, ಯಾವ ಮಾತ್ರೆ ಬದಲಾಯಿತು ಅಷ್ಟೇ. ಅಮ್ಮನಿಗೆ ದಿನಾ ಹತ್ತು ಜನ ನೆಂಟರಿಗೆ ಅದೇ ಕಥೆ ಹೇಳುವುದು ತಪ್ಪಿತು. ನಿಮ್ಮ ಅಕ್ಕನ ಪರವಾಗಿ ನೆಂಟರಿಗೆ ಸುದ್ದಿ ಮುಟ್ಟಿಸುವ ಒಬ್ಬರನ್ನು ನೋಡಿ. ಆದರೆ ಅಕ್ಕ ಒಪ್ಪಿದ್ದಷ್ಟನ್ನೇ ಹಾಕಬೇಕು. ಕೂಟದ ದೊಡ್ಡ ಗ್ರೂಪಿಗೆ ರಿಪೋರ್ಟಿನ ಫೋಟೋ ಹಾಕುವವರೂ ಇದ್ದಾರೆ, ಅದು ಬೇಡವೇ ಬೇಡ.

ಕೇಶ್ವಾಪುರದಾಕಿ:

ಎಲ್ಲರಿಗೂ ಧನ್ಯವಾದ. ಸಿಸ್ಟರ್ ಬರೆದದ್ದನ್ನು ಪ್ರಿಂಟ್ ತೆಗೆದು ಸಭಾಪಾಲಕರಿಗೆ ಕೊಟ್ಟೆ. ಭಾನುವಾರ ಪ್ರಕಟಣೆಯ ಹೊತ್ತಿನಲ್ಲಿ ಅವರು ಯಾರ ಹೆಸರೂ ಎತ್ತದೆ, ಚಿಕಿತ್ಸೆ ಬಿಡಿ ಅಂತ ಯಾರಿಗೂ ಹೇಳುವ ಅಧಿಕಾರ ನಮಗಿಲ್ಲ ಅಂದರು. ಸ್ವಲ್ಪ ಗುಸುಗುಸು ಆಯಿತು. ಆಗಲಿ.

ಕೂಟವನ್ನು ಗುರುವಾರಕ್ಕೆ ಹಾಕಿದ್ದೇವೆ. ಬ್ಯಾಂಕಿನಿಂದ ನಿವೃತ್ತರಾದ ಕಾಕಾ ಫೈಲು ತೆಗೆದುಕೊಂಡು ಹೋಗಿದ್ದಾರೆ. ಶುಕ್ರವಾರ ಆಸ್ಪತ್ರೆಗೆ ಜೊತೆಗೆ ಹೋಗಲು ಕೂಟದ ಇನ್ನೊಬ್ಬ ಅಣ್ಣ ಒಪ್ಪಿದ್ದಾರೆ, ಸೋಮವಾರಕ್ಕೆ ನನ್ನ ಮನೆಯವರು. ಬುಧವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಪಕ್ಕದ ಮನೆಯ ಲಿಂಗಾಯತ ಅಜ್ಜಿ ಇದನ್ನೆಲ್ಲ ಕೇಳಿ, ಬುಧವಾರ ನನ್ನ ಮೊಮ್ಮಗ ಬರುತ್ತಾನೆ ಬಿಡಿ ಅಂದಿದ್ದಾರೆ. ಅವನೇ ಗಟ್ಟಿ ಆಗುವ ಹಾಗಿದೆ!

ಹಾರ್ಮೋನಿಯಂ ಮಾತು ತೆಗೆದಾಗ ಅಣ್ಣ ಮೊದಲು ಬೇಡ ಅಂದರು. ಆಮೇಲೆ ಹುಡುಗರಿಗೆ ಸ್ವರ ಗೊತ್ತಿದೆಯಾ ಅಂತ ಅವರೇ ಕೇಳಿದರು.

ಸಿಸ್ಟರ್, ಒಂದು ಕೇಳುವುದಿತ್ತು. ಗುರುವಾರ ಪಲ್ಯ ನನ್ನ ಪಾಲಿಗೆ ಬಂದಿದೆ. ಅಣ್ಣನಿಗೆ ಬಟಾಟೆ ಅಂದರೆ ಪ್ರಾಣ. ಮಾಡಬಹುದಾ?

ನಿವೃತ್ತ ಸಿಸ್ಟರ್, ಬೆಟಗೇರಿ:

ಬಟಾಟೆಯಲ್ಲೂ ಪೊಟ್ಯಾಸಿಯಂ ಇದೆ. ಮಾಡಲೇಬೇಕು ಅಂದರೆ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚು. ಬಹಳ ನೀರು ಹಾಕಿ ಕುದಿಸಿ ಆ ನೀರು ಚೆಲ್ಲು. ಮತ್ತೆ ಹೊಸ ನೀರಲ್ಲಿ ಬೇಯಿಸಿ ಅದನ್ನೂ ಚೆಲ್ಲು. ಆಮೇಲೆ ಒಗ್ಗರಣೆ. ಟೊಮ್ಯಾಟೊ ಬೇಡ, ಉಪ್ಪು ಕಡಿಮೆ, ಎರಡು ಚಮಚ ಪಲ್ಯ ಸಾಕು. ಅದಕ್ಕೂ ಮೊದಲು ಅವರ ಡಯಟಿಶಿಯನ್ನಿಗೆ ಫೋನ್ ಮಾಡಿ ಕೇಳು, ಹೋದ ತಿಂಗಳ ರಕ್ತಪರೀಕ್ಷೆ ಅವರ ಹತ್ತಿರ ಇರುತ್ತದೆ. ಹೀರೇಕಾಯಿ ಆದರೆ ಇಷ್ಟು ತಲೆಬಿಸಿ ಇಲ್ಲ, ಯೋಚನೆ ಮಾಡು.